ಆರುನೂರ ಹದಿಮೂರು ಮಂಡಿಗಳು

ನಮ್ಮ ಯೋಗಾನರಸಿಂಹ ಮಾವನಿಗೆ ಇದ್ದದ್ದು ಒಂದೇ ಹೆಮ್ಮೆ. 2001ರ ಜನಗಣತಿಯಲ್ಲಿ ಅವರ ಪಾಲಿಗೆ ಬಂದ ಬೀದಿಗಳಲ್ಲಿ ಒಬ್ಬ ಮನುಷ್ಯನೂ ತಪ್ಪಿಹೋಗಿರಲಿಲ್ಲ. ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಅಜ್ಜಿ, ಹೆಂಡತಿಯೊಡನೆ ಜಗಳವಾಡಿ ಮೆಟ್ಟಿಲ ಕೆಳಗೆ ಮಲಗಿದ್ದ ಇನ್ಶೂರೆನ್ಸ್ ಏಜೆಂಟು, ಎಲ್ಲರೂ ಪಟ್ಟಿಗೆ ಬಂದಿದ್ದರು. ಅದಕ್ಕೆ ಸಿಕ್ಕ ಪ್ರಶಂಸಾ ಪತ್ರ ನಡುಮನೆಯಲ್ಲಿ ನರಸಿಂಹ ದೇವರ ಪಟದ ಪಕ್ಕದಲ್ಲಿತ್ತು. ಮಂಗಳಾರತಿ ಎರಡಕ್ಕೂ ಆಗುತ್ತಿತ್ತು. ಗಣತಿಗೆಂದು ಕೊಟ್ಟಿದ್ದ ಹೆಗಲ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ಮುಂದಿನ ಗಣತಿಗಾಗಿ ಕಾಯುತ್ತಿತ್ತು. ಮುಂದಿನ ಗಣತಿ 2011ಕ್ಕೆ. ಮಾವ ನಿವೃತ್ತರಾಗುವುದು 2007ರ ಏಪ್ರಿಲ್‌ಗೆ. ಚೀಲಕ್ಕೆ ಈ ವಿಷಯವನ್ನು ಯಾರೂ ಹೇಳಿರಲಿಲ್ಲ.

ಮಾವ ಹಾಸನದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರ ತಂಗಿಯ ಮಗಳಾದ ನಾನು ಅವರ ಮನೆಯ ಮಹಡಿ ಕೋಣೆಯಲ್ಲಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಸೈಬರ್ ಸೆಂಟರಿನಲ್ಲಿ ಕೂತು ಬೆಂಗಳೂರಿನ ಒಂದು ಜಾಹೀರಾತು ಆಫೀಸಿಗೆ ಕೆಲಸ ಮಾಡಿಕೊಡುತ್ತಿದ್ದೆ. ಕೆಲಸ ಇಷ್ಟೇ. ಒಂದು ಕಂಪನಿ ಮಂಡಿ ನೋವಿನ ಎಣ್ಣೆ ಮಾರುತ್ತದೆ ಎಂದಿಟ್ಟುಕೊಳ್ಳಿ. ಯಾರಾದರೂ ಇಂಟರ್ನೆಟ್ಟಿನಲ್ಲಿ ‘ಮಂಡಿ ನೋವು’ ಎಂದು ಹುಡುಕಿದರೆ ಪಕ್ಕದಲ್ಲೇ ಈ ಎಣ್ಣೆಯ ಜಾಹೀರಾತು ಕಾಣಬೇಕು. ಆದರೆ ಜನ ‘ಮಂಡಿ ನೋವು’ ಎನ್ನುತ್ತಾರೋ, ‘ಮೊಣಕಾಲು ನೋವು’ ಎನ್ನುತ್ತಾರೋ, ‘ಕೀಲು ನೋವು’ ಎನ್ನುತ್ತಾರೋ? ಯಾವ ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೋ ಅದನ್ನು ಅಂದಾಜು ಮಾಡಿ ಕೊಡಬೇಕು. ಅದಕ್ಕೆ ಇಂಟರ್ನೆಟ್ಟಿನಲ್ಲೇ ಒಂದು ಸಾಧನವಿದೆ. ಪದ ಹಾಕಿದರೆ ಸಂಖ್ಯೆ ಬರುತ್ತದೆ.

2006ರ ಮೇ ತಿಂಗಳಲ್ಲಿ ಅಂಥದೇ ಒಂದು ಎಣ್ಣೆಯ ಪಟ್ಟಿ ಬಂತು. ಅದೇ ವಾರ ಸೈಬರ್ ಸೆಂಟರಿನ ಲೈನು ಹೋಯಿತು. ನಾನು ವಿಚ್ಛೇದನದ ಕೆಲವು ಕಾಗದಗಳಿಗೆ ಸಹಿ ಹಾಕಲು ಹತ್ತು ದಿನ ಮೈಸೂರಿಗೆ ಹೋಗಬೇಕಿತ್ತು. ಯಾವ ಪದ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿದೆ ಎಂದು ಮಾವ ಗುರುತು ಹಾಕಿಟ್ಟರೆ ಬಂದು ನೋಡಿಕೊಳ್ಳೋಣ ಎನ್ನಿಸಿತು. ಪಟ್ಟಿಯನ್ನು ಅವರ ಕೈಗೆ ಕೊಟ್ಟು, “ಮಾವ, ಇವನ್ನ ಎಷ್ಟು ಜನ ಹುಡುಕ್ತಾರೆ ಅಂತ ಒಂದು ಅಂದಾಜು ಹಾಕಿಡಿ,” ಎಂದು ಬಸ್ಸು ಹತ್ತಿದೆ.

ಆಗ ನನಗೆ ಮಾತು ಕಡಿಮೆ. ಇನ್ನೆರಡು ವಾಕ್ಯ ಆಡಿದ್ದರೆ ಅರಕಲಗೂಡು ತಾಲೂಕು ಅಷ್ಟು ಕಷ್ಟಪಡಬೇಕಿರಲಿಲ್ಲ. ನಾನಿಲ್ಲದಾಗ ನಡೆದದ್ದನ್ನು ಮಾವನ ರಿಜಿಸ್ಟರಿನಿಂದಲೂ ಚೂಡಾಮಣಿ ಅತ್ತೆಯ ಬಾಯಿಂದಲೂ ತಿಳಿದು ಬರೆಯುತ್ತಿದ್ದೇನೆ.

ಮಾವ ಪಟ್ಟಿ ನೋಡಿದರು. ಎಡಗಡೆ ಪದಗಳು. ಬಲಗಡೆ ಖಾಲಿ ಕಾಲಂ. ಅದರ ಮೇಲೆ ‘ಹುಡುಕುವವರ ಸಂಖ್ಯೆ.’ ಐದು ವರ್ಷದಿಂದ ಖಾಲಿ ಕಾಲಂ ಕಾಣದಿದ್ದ ಮನುಷ್ಯ ಅವರು.

“ಚೂಡಾ, ಚೀಲ ತೆಗೆ.”

“ಯಾವ ಚೀಲ? ಸಂತೆ ಮಂಗಳವಾರ ಅಲ್ವೇನ್ರಿ?”

“ಗಣತಿ ಚೀಲ ಕಣೇ. ಬೆಂಗಳೂರಿನವರು ಸಂಖ್ಯೆ ಕೇಳಿದಾರೆ. ಹಂಸ ಪಾಪ, ಅಂದಾಜು ಸಾಕು ಅಂದ್ಲು. ಅಂದಾಜು ಯಾತಕ್ಕೆ? ರಜೆ ಇದೆ, ಎಣಿಸಿಯೇ ಕೊಡೋಣ.”

ಮೊದಲ ದಿನ ಹೊಳೆನರಸೀಪುರ. ಮಾವ ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ನಿಂತು, ಸಿಕ್ಕವರನ್ನೆಲ್ಲ ತಡೆದು, ಗಣತಿಯ ಧ್ವನಿಯಲ್ಲಿ ಕೇಳತೊಡಗಿದರು. “ನೀವು ಏನನ್ನಾದರೂ ಹುಡುಕುತ್ತಿದ್ದೀರಾ?”

“ಊಂ ಕಣಣ್ಣಾ, ಕೆ.ಆರ್. ನಗರದ್ ಬಸ್ಸು. ಓಯ್ತಾ?” ಎಂದಳು ತರಕಾರಿ ಬುಟ್ಟಿಯ ಹೆಂಗಸು.

ಆಮೇಲೆ ಬಂದವನು ಕೈಮುಗಿದೇಬಿಟ್ಟ. “ನಮ್ಮ ಎಮ್ಮೆಯ ಸಾ! ಸ್ವಾಮಾರದಿಂದ ಉಡುಕ್ತಾ ಇವ್ನಿ. ಒಂದು ಕೊಂಬು ಮುರ್ದೈತೆ. ನೀವೇನಾರಾ ಕಂಡ್ರಾ?”

“ಎಮ್ಮೆಗೆ ಕಾಲಂ ಇಲ್ಲವಲ್ಲಪ್ಪ,” ಎಂದರು ಮಾವ. ಆದರೆ ಕೊಟ್ಟ ಉತ್ತರವನ್ನು ಬರೆಯದೆ ಬಿಡುವುದು ಗಣತಿದಾರನ ಧರ್ಮವಲ್ಲ. ಎಮ್ಮೆಗೆ ಹೊಸ ಕಾಲಂ ಎಳೆದರು. ಒಬ್ಬ ವೃದ್ಧರು ಕನ್ನಡಕ ಹುಡುಕುತ್ತಿದ್ದೇನೆ ಎಂದರು. ಅದು ಅವರ ಹಣೆಯ ಮೇಲೇ ಇತ್ತು. ಮಾವ ಅದನ್ನೂ ಬರೆದು, ಮುಂದೆ ‘ಸ್ಥಳದಲ್ಲೇ ದೊರೆಯಿತು’ ಎಂದು ಷರಾ ಹಾಕಿದರು.

ಸಂಜೆ ಮನೆಯಲ್ಲಿ ಕೂಡಿದಾಗ ಲೆಕ್ಕ ಹೀಗಿತ್ತು: ಕೆ.ಆರ್. ನಗರದ ಬಸ್ಸು ಮೂವತ್ತೆಂಟು, ಚಿಲ್ಲರೆ ಕೊಡದೆ ಹೋದ ಕಂಡಕ್ಟರು ಇಪ್ಪತ್ತಾರು, ಮಗನಿಗೆ ಹೆಣ್ಣು ಹನ್ನೊಂದು, ಎಮ್ಮೆ ಒಂದು, ಮಂಡಿ ನೋವು ಸೊನ್ನೆ.

“ಒಳ್ಳೇದೇ ಆಯ್ತಲ್ಲ. ಜನ ಆರೋಗ್ಯವಾಗಿದಾರೆ,” ಎಂದರು ಅತ್ತೆ.

“ಹಾಗಲ್ಲ ಚೂಡಾ. ಬಾಗಿಲು ಹಾಕಿದ ಮನೆಗೆ ಎರಡನೇ ಸಲ, ಮೂರನೇ ಸಲ ಹೋಗಬೇಕು. ನಿಯಮ.”

“ಯಾರ ಮನೆ ಬಾಗಿಲು ಹಾಕಿತ್ತು?”

“ಮಂಡಿ ನೋವಿನವರದು.”

ರಾತ್ರಿ ಊಟ ಮಾಡುತ್ತಲೇ ಮಾವ ಪ್ರಶ್ನೆಯನ್ನು ತಿದ್ದಿದರು. ‘ನಿಮಗೆ ಮಂಡಿ ನೋವು ಇದೆಯೇ? ಇದ್ದಲ್ಲಿ ಎಣ್ಣೆ ಹುಡುಕುವಿರಾ?’ ಮಾರನೇ ದಿನ ಅರಕಲಗೂಡಿಗೆ ಹೋದರು.

ಅಲ್ಲಿ ಮೊದಲು ಸಿಕ್ಕಿದ್ದು ಪಾಪಯ್ಯ ಎಂಬ ಶುಂಠಿ ಬೆಳೆಗಾರ. ಆತ ಪ್ರಶ್ನೆಗೆ ಕಿವಿಗೊಡಲಿಲ್ಲ, ಚೀಲವನ್ನು ಓದಿದ. ಚೀಲದ ಮೇಲೆ ‘ಭಾರತದ ಜನಗಣತಿ’ ಎಂದು ದಪ್ಪಕ್ಷರದಲ್ಲಿತ್ತು.

“ಯಾಕ್ ಸಾ, ಮಂಡಿ ಇಚಾರ?”

“ಎಣ್ಣೆ ವಿಷಯವಾಗಿ. ಬೆಂಗಳೂರಿನಿಂದ ಕೇಳಿದಾರೆ.”

“ಪುಗಸಟ್ಟೆ ಕೊಟ್ಟಾರಾ?”

“ಅದು ನನಗೆ ಗೊತ್ತಿಲ್ಲಪ್ಪ. ಮೊದಲು ಸಂಖ್ಯೆ ಆಗಬೇಕು.”

ಪಾಪಯ್ಯನಿಗೆ ಇನ್ನು ಸಂಶಯ ಉಳಿಯಲಿಲ್ಲ. ಏನು ಕೊಡುತ್ತಾರೆಂದು ಗೊತ್ತಿಲ್ಲದೆ ಬರೆದುಕೊಳ್ಳುವವನು ಸರ್ಕಾರದವನಲ್ಲದೆ ಇನ್ನಾರು?

“ಅಂಗಾರೆ ಬರ್ಕಳಿ ಸಾ. ನಮ್ಮಟ್ಟೀಲಿ ಏಳು ಜನ. ಅದಿನಾಕು ಮಂಡಿ.”

“ಏಳೂ ಜನಕ್ಕೆ ನೋವಿದೆಯಾ?”

“ಏಳ್ನೇದು ಇನ್ನೂ ತೊಟ್ಲಾಗೈತೆ. ಮುಂದ್ಕೆ ಅದ್ಕೂ ಬರ್ದೆ ಇದ್ದಾತಾ ಸಾ?”

ಇಲ್ಲಿ ಮಾವನಿಗೆ ಒಂದು ಶಾಸ್ತ್ರೀಯ ತೊಡಕು ಎದುರಾಯಿತು. ತಲೆ ಎಣಿಸಬೇಕೋ, ಮಂಡಿ ಎಣಿಸಬೇಕೋ? ಹುಡುಕುವುದು ಮನುಷ್ಯ, ಆದರೆ ಪಟ್ಟಿಯಲ್ಲಿ ಬರೆದಿರುವುದು ಮಂಡಿ. ಬರೆದದ್ದೇ ಪ್ರಮಾಣವೆಂದು ಮಂಡಿಗಳನ್ನೇ ಎಣಿಸಲು ತೀರ್ಮಾನಿಸಿದರು.

ಮಧ್ಯಾಹ್ನದ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಸಾಲು ಬೆಳೆಯಿತು. ತಲೆಗೊಂದು ಸೀಸೆ ಎಣ್ಣೆ ಎಂದು ಹೊರಟ ಸುದ್ದಿ ಶುಂಠಿ ಅಂಗಡಿಯ ಹತ್ತಿರ ಬರುವಾಗ ಮಂಡಿಗೊಂದು ಸೀಸೆ ಆಗಿತ್ತು. ಜೆರಾಕ್ಸ್ ಅಂಗಡಿ ಮುಟ್ಟುವಾಗ ತಿಂಗಳಿಗೆ ನಾನೂರು ರೂಪಾಯಿ ಮಂಡಿ ಪಿಂಚಣಿಯೂ ಸೇರಿಕೊಂಡಿತ್ತು. ಎಲ್ಲರ ಕೈಯಲ್ಲೂ ರೇಷನ್ ಕಾರ್ಡಿನ ಜೆರಾಕ್ಸು. ಮಾವ ಬೇಡವೆಂದರೂ ಚೀಲಕ್ಕೆ ತುರುಕಿದರು. ಸಾಲಿನ ಕೊನೆಯಲ್ಲಿ ನೆಟ್ಟಗೆ ನಿಂತವರು ಮುಂದೆ ಬರುಬರುತ್ತ ಕುಂಟುತ್ತಿದ್ದರು. ಯಾವ ಕಾಲು ಕುಂಟಬೇಕೆಂದು ಗಂಡಹೆಂಡಿರಲ್ಲಿ ಸಣ್ಣ ಚರ್ಚೆಗಳಾದವು.

ಮೂರನೇ ದಿನವೂ ಅರಕಲಗೂಡೇ. ಅಲ್ಲಿನ ಎರಡು ದಿನದಲ್ಲಿ ತಕರಾರು ಬಂದದ್ದು ಒಬ್ಬನಿಂದ ಮಾತ್ರ. ಹೆಸರು ತಿಮ್ಮಪ್ಪ, ಹಮಾಲಿ ಕೆಲಸ.

“ನಂದು ಎಡುದ್ದೊಂದೇ ಕಣ್ ಸಾ,” ಎಂದ.

ಪಾಪಯ್ಯ ಅಷ್ಟು ಹೊತ್ತಿಗೆ ಸಾಲಿನ ಉಸ್ತುವಾರಿ ವಹಿಸಿಕೊಂಡಿದ್ದ. “ಲೇ ತಿಮ್ಮ, ಎಲ್ಡೂ ಬರೆಸ್ಲಾ! ಒಂದೇ ಬರೆಸುದ್ರೆ ನಿಂಗೆ ಅರ್ಧ ಸೀಸೆ ಕೊಟ್ಟಾರು.”

“ನೋವೇ ಇಲ್ದುದ್ನ ಯಾಕ್ಲಾ ಬರೆಸ್ಲಿ? ಬಲುದ್ದು ಚೆನ್ನಾಗೈತೆ.”

“ಚೆನ್ನಾಗೈತೆ ಅಂತ ಬಾಯ್ಬುಟ್ಟು ಏಳ್ಬ್ಯಾಡ ಕಣ್ಲಾ! ಇಂದ್ಗಡೆಯೋರ್ಗೆ ತೊಂದ್ರೆ.”

ಮಾವ ಒಂದೇ ಬರೆದುಕೊಂಡರು. ಮೂರನೇ ದಿನ ಸಂಜೆಗೆ ಒಟ್ಟು ಆರುನೂರ ಹದಿಮೂರು. ಬೆಸಸಂಖ್ಯೆಯಾದದ್ದು ತಿಮ್ಮಪ್ಪನ ದೆಸೆಯಿಂದ.

ಅದೇ ಸಂಜೆ ಆರೋಗ್ಯ ನಿರೀಕ್ಷಕ ದ್ಯಾವಯ್ಯ ಆ ಕಡೆಯಿಂದ ಹಾದುಹೋದರು. ಅದು ಚಿಕುನ್‌ಗುನ್ಯದ ವರ್ಷ. ಜ್ವರ ಬಂದು ಕೀಲುಗಳೆಲ್ಲ ಹಿಡಿದುಕೊಳ್ಳುವ ಆ ಕಾಯಿಲೆ ಎಲ್ಲಿ ಕಾಣಿಸಿಕೊಂಡರೂ ಒಡನೆ ತಿಳಿಸಬೇಕೆಂದು ಅವರಿಗೆ ಆಜ್ಞೆಯಾಗಿತ್ತು. ಬಸ್ ಸ್ಟ್ಯಾಂಡಿನ ತುಂಬ ಮಂಡಿ ಹಿಡಿದುಕೊಂಡ ಜನ ಕಂಡರೆ ಅವರಿಗೆ ಏನಾಗಬೇಡ?

“ಯಾರ್ ಸಾ ತಾವು? ಎಷ್ಟಾಯ್ತು?”

“ಆರುನೂರ ಹದಿಮೂರು,” ಎಂದರು ಮಾವ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ.

“ಆರುನೂ...! ಜ್ವರ ಇತ್ತಾ?”

“ಜ್ವರಕ್ಕೆ ಕಾಲಂ ಕೊಟ್ಟಿಲ್ಲ.”

ದ್ಯಾವಯ್ಯ ಗಾಡಿಯನ್ನು ಅಲ್ಲೇ ಬಿಟ್ಟು ಟೆಲಿಫೋನ್ ಬೂತಿಗೆ ಓಡಿದರು.

ನಾಲ್ಕನೇ ದಿನ ಚನ್ನರಾಯಪಟ್ಟಣ. ಬಸ್ಸು ನಿಲ್ದಾಣದ ಒಳಗೆ ತಿರುಗುವಾಗ ಮಾವ ಕಿಟಕಿಯಿಂದ ನೋಡಿದರು. ಸುಮಾರು ಇನ್ನೂರು ಜನ ನೆರಳಿನಲ್ಲಿ ಕೂತಿದ್ದಾರೆ. ಎಲ್ಲರ ಕೈಯಲ್ಲೂ ರೇಷನ್ ಕಾರ್ಡು. ಯಾರೋ ಚೀಲವನ್ನು ಗುರುತಿಸಿ, “ಬಂದ್ರು ಕಣ್ರೋ, ಮಂಡಿ ಸಾಹೇಬ್ರು!” ಎಂದು ಕೂಗಿದ. ಇನ್ನೂರು ಜನ ಒಟ್ಟಿಗೆ ಎದ್ದು, ಒಟ್ಟಿಗೆ ಕುಂಟುತ್ತ ಬಸ್ಸಿನ ಕಡೆ ಬಂದರು. ಮಾವನಿಗೆ ಮೊದಲ ಬಾರಿಗೆ ಎಲ್ಲೋ ಏನೋ ಎಡವಟ್ಟಾಗಿದೆ ಎನ್ನಿಸಿತು.

“ಇಳೀರಿ ಸಾ, ಬಂತು,” ಎಂದ ಕಂಡಕ್ಟರ್.

“ಹಾಸನಕ್ಕೆ ಒಂದು ಟಿಕೆಟ್ ಕೊಡಿ,” ಎಂದು ಮಾವ ಸೀಟಿನ ಕೆಳಗೆ ಬಗ್ಗಿದರು.

ಮನೆಯಲ್ಲಿ ಹೆಡ್‌ಮಾಸ್ಟರ್ ಗುಂಡಯ್ಯನವರು ಕಾಫಿ ಕುಡಿಯುತ್ತ ಕೂತಿದ್ದರು. ಕೈಯಲ್ಲಿ ನೋಟೀಸು. ಅರಕಲಗೂಡಿನಿಂದ ಹೊರಟ ಸುದ್ದಿ ಆರೋಗ್ಯ ಇಲಾಖೆಯಿಂದ ಶಿಕ್ಷಣ ಇಲಾಖೆಗೆ ಒಂದೇ ದಿನದಲ್ಲಿ ಬಂದಿತ್ತು. ಮೇಷ್ಟ್ರ ಮೂರು ವರ್ಷದ ಹಿಂದಿನ ಬಡ್ತಿ ಕಾಗದ ಅದೇ ದಾರಿಯಲ್ಲಿ ಇನ್ನೂ ಬರುತ್ತಿತ್ತು.

“ಸರ್ಕಾರಿ ನೌಕರರಾಗಿದ್ದು, ಅನುಮತಿ ಇಲ್ಲದೆ ಖಾಸಗಿ ಕಂಪನಿಯ ಪರವಾಗಿ ಗಣತಿ ನಡೆಸಿ, ಸಾರ್ವಜನಿಕರಲ್ಲಿ ರೋಗಭೀತಿ ಹುಟ್ಟಿಸಿದ ಬಗ್ಗೆ ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು,” ಎಂದು ಓದಿದರು. ಓದಿ ಮುಗಿಸಿ, “ರಿಟೈರಾಗೋಕೆ ಇನ್ನು ಹನ್ನೊಂದು ತಿಂಗಳಲ್ರೀ ಮೇಷ್ಟ್ರೇ! ಹನ್ನೊಂದು ತಿಂಗಳು ಯಾರನ್ನೂ ಎಣಿಸದೆ ಇರೋಕೆ ಆಗಲಿಲ್ವಾ ನಿಮಗೆ?” ಎಂದರು.

“ಪೆನ್ಷನ್ ಹೋಗುತ್ತಾ?” ಎಂದರು ಅತ್ತೆ.

“ಹೋಗುತ್ತೆ ಅನ್ನಲ್ಲಮ್ಮ. ಫೈಲು ಶುರುವಾದ್ರೆ ಅದು ಮುಗಿಯೋದನ್ನ ನಾವ್ಯಾರೂ ನೋಡಲ್ಲ ಅಂತೀನಿ. ಇನ್ನೊಂಚೂರು ಸಕ್ಕರೆ ಕೊಡ್ತೀರಾ?”

ಅತ್ತೆ ಸಕ್ಕರೆ ತಂದರು. ಆಮೇಲೆ ಸ್ಟೂಲು ಹತ್ತಿ ಗೋಡೆಯಿಂದ ಪ್ರಶಂಸಾ ಪತ್ರವನ್ನು ಇಳಿಸಿ ಬೀರುವಿನ ಹಿಂದೆ ಇಟ್ಟರು. ನರಸಿಂಹ ದೇವರು ಒಬ್ಬರೇ ಉಳಿದರು.

ಮಾರನೆಯ ಬೆಳಿಗ್ಗೆ ಅತ್ತೆಯ ಫೋನಿನಿಂದ ಗಾಬರಿಯಾಗಿ ನಾನು ಬಂದು ಇಳಿದೆ. ಮಾವ ಜಗುಲಿಯಲ್ಲೇ ರಿಜಿಸ್ಟರು ಮುಂದೆ ಹಿಡಿದರು.

“ಹಂಸ, ಇಷ್ಟು ಸಾಕಾ?”

ಪುಟ ತಿರುಗಿಸಿದೆ. ಎಮ್ಮೆಯಿಂದ ಹಿಡಿದು ಎಲ್ಲವನ್ನೂ ಓದಿದೆ. ಹುಡುಕುವುದೆಂದರೆ ಕಂಪ್ಯೂಟರಿನ ಮುಂದೆ ಕೂತು ಪದ ಒತ್ತುವುದು ಎಂದು ಹೇಳಿದೆ.

ಮಾವ ರಿಜಿಸ್ಟರನ್ನು ವಾಪಸು ತೆಗೆದುಕೊಂಡು ಮುಚ್ಚಿದರು. “ಕೂತಲ್ಲೇ ಹುಡುಕ್ತಾರಾ?”

“ಹೌದು ಮಾವ.”

“ಬಸ್ ಸ್ಟ್ಯಾಂಡಿಗೆ ಬರಲ್ವಾ?”

“ಇಲ್ಲ.”

“ಮೊದಲೇ ಹೇಳೋದಲ್ವೇನಮ್ಮ,” ಎಂದರು. ಅದರಲ್ಲಿ ಬೇಸರವಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಸಮಜಾಯಿಷಿಗೆ ಕೊನೆಯ ದಿನ ಶುಕ್ರವಾರ. ಅದೇ ಶುಕ್ರವಾರ ರಿಜಿಸ್ಟರಿನೊಂದಿಗೆ ಬಂದು ರೋಗಿಗಳನ್ನು ಗುರುತಿಸಿಕೊಡಬೇಕೆಂದು ಅರಕಲಗೂಡಿನ ಡಾಕ್ಟರ್ ದೀಪಶ್ರೀ ಹೇಳಿಕಳಿಸಿದರು. ನಾನೂ ಜೊತೆಗೆ ಹೊರಟೆ. ಅತ್ತೆ ಮಾವನಿಗೆ ಕುಂಕುಮ ಇಟ್ಟು ಕಳಿಸಿದ ರೀತಿ ನೋಡಿದರೆ ಜೈಲಿಗೆ ಹೊರಟಂತಿತ್ತು.

ಅರಕಲಗೂಡಿನ ಶಾಲೆಯ ಅಂಗಳದಲ್ಲಿ ಶಾಮಿಯಾನ. ಮೇಜಿನ ಹಿಂದೆ ಡಾಕ್ಟರ್, ಇಬ್ಬರು ನರ್ಸುಗಳು, ದ್ಯಾವಯ್ಯ. ರಿಜಿಸ್ಟರಿನಲ್ಲಿದ್ದವರೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಖಾಲಿ ಸೀಸೆ. ಪಾಪಯ್ಯನ ಕೈಯಲ್ಲಿ ಐದು ಲೀಟರಿನ ಕ್ಯಾನು.

ಡಾಕ್ಟರ್ ಎದ್ದು ನಿಂತರು. ಎರಡು ರಾತ್ರಿ ನಿದ್ದೆಯಿಲ್ಲದ ಮುಖ. “ಮಂಡಿ ನೋವಿರೋರೆಲ್ಲ ಸಾಲಾಗಿ ಬನ್ನಿ. ಒಬ್ಬೊಬ್ಬರದೇ ರಕ್ತ ತೆಗೀಬೇಕು.”

ಎತ್ತಿ ಹಿಡಿದಿದ್ದ ಸೀಸೆಗಳು ಒಂದೊಂದಾಗಿ ಕೆಳಗಿಳಿದವು.

“ಎಣ್ಣೆ ಕಣವ್ವಾ,” ಎಂದ ಪಾಪಯ್ಯ ಕ್ಯಾನು ಎತ್ತಿ ತೋರಿಸುತ್ತ.

“ಯಾವ ಎಣ್ಣೆ? ಮೊದಲು ರಕ್ತ. ಆಮೇಲೆ ಸೊಂಟಕ್ಕೊಂದು ಇಂಜೆಕ್ಷನ್.”

ನರ್ಸು ಸ್ಟೀಲ್ ಟ್ರೇಯ ಮೇಲಿನ ಬಟ್ಟೆ ತೆಗೆದಳು. ಸಿರಿಂಜುಗಳು ಬಿಸಿಲಿಗೆ ಹೊಳೆದವು.

ಮೊದಲು ಓಡಿದ್ದು ಪಾಪಯ್ಯ. ಆತನ ಹಿಂದೆ ಆತನ ಮನೆಯ ಹದಿನಾಲ್ಕು ಮಂಡಿಗಳಲ್ಲಿ ನಡೆಯಬಲ್ಲ ಅಷ್ಟೂ ಮಂಡಿಗಳು. ಗೇಟಿನಲ್ಲಿ ನೂಕುನುಗ್ಗಲಾದ್ದರಿಂದ ಉಳಿದವರು ಕಾಂಪೌಂಡು ಹಾರಿದರು. ಎಪ್ಪತ್ತು ವರ್ಷದ ಅನಸೂಯಮ್ಮ, ಅದೇ ವಾರ ಇಬ್ಬರ ಹೆಗಲ ಮೇಲೆ ಬಂದು ಬರೆಸಿದ್ದವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಾಲ್ಕಡಿ ಗೋಡೆಯನ್ನು ಒಂದೇ ನೆಗೆತಕ್ಕೆ ದಾಟಿದರು. “ನಂಗೇನಾಗಿಲ್ಲ ಕಣ್ರಪ್ಪೋ, ಒಡೆದಾಕ್ರಿ ನನ್ನೆಸ್ರ!” ಎಂದು ಗೋಡೆಯ ಆಚೆಯಿಂದ ಕೂಗಿದರು. ಮಾವ ಪೆನ್ಸಿಲ್ ಹಿಡಿದು ಓಡಿದವರನ್ನೆಲ್ಲ ಎರಡೆರಡು ಮಂಡಿಯಂತೆ ಹೊಡೆದುಹಾಕುತ್ತ ಹೋದರು. ಓಟದ ವೇಗಕ್ಕೆ ಪೆನ್ಸಿಲು ಸಾಲದಾಯಿತು.

ಧೂಳು ಇಳಿದಾಗ ಅಂಗಳದಲ್ಲಿ ಮುನ್ನೂರು ಸೀಸೆಗಳೂ ಒಬ್ಬ ಮನುಷ್ಯನೂ ಉಳಿದಿದ್ದರು. ತಿಮ್ಮಪ್ಪ.

“ನೀನ್ಯಾಕಪ್ಪ ಓಡಲಿಲ್ಲ?” ಎಂದರು ಡಾಕ್ಟರ್.

“ಓಡೋಕಾಗಲ್ಲ ಕಣ್ರವ್ವಾ. ಮಂಡಿ ನೋವು.”

ಡಾಕ್ಟರ್ ಎಡಮಂಡಿ ಒತ್ತಿ ನೋಡಿದರು. ಜ್ವರವಿರಲಿಲ್ಲ. ಹೋದ ವರ್ಷ ಶುಂಠಿ ಮೂಟೆ ಇಳಿಸುವಾಗ ಬಿದ್ದನಂತೆ. ಚಿಕುನ್‌ಗುನ್ಯ ಅಲ್ಲ. ಡಾಕ್ಟರ್ ಕುರ್ಚಿಯ ಮೇಲೆ ಕೂತು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ನನಗೆ ಅನ್ನಿಸಿತು. ಭುಜ ಅಲುಗಿದ್ದು ನೋಡಿದ ಮೇಲೆ ನಗುತ್ತಿದ್ದಾರೆಂದು ತಿಳಿಯಿತು.

“ಮೇಡಂ,” ಎಂದರು ದ್ಯಾವಯ್ಯ ಪಿಸುದನಿಯಲ್ಲಿ, “ಆರುನೂರ ಹದಿಮೂರು ರೋಗಿಗಳು ಅಂತ ಮೇಲಕ್ಕೆ ಕಳಿಸ್ಬುಟ್ಟಿದೀವಿ. ಹೊಗೆ ಹೊಡೆಯೋ ಮಿಷನ್ನು ಹಾಸನ ಬಿಟ್ಟದೆಯಂತೆ.”

“ಬರಲಿ. ಸೊಳ್ಳೆ ಹೇಗೂ ಇವೆ. ನೀವು ಬರ್ಕೊಳ್ಳಿ. ಆರುನೂರ ಹದಿಮೂರು ಜನರನ್ನು ಪರಿಶೀಲಿಸಲಾಯಿತು. ಯಾರಲ್ಲೂ ರೋಗಲಕ್ಷಣ ಕಂಡುಬಂದಿಲ್ಲ.”

“ಪರಿಶೀಲನೆ...?”

“ಗೋಡೆ ಹಾರಿದ್ದನ್ನ ನೀವು ನೋಡಲಿಲ್ವಾ ದ್ಯಾವಯ್ಯ? ಅದಕ್ಕಿಂತ ಏನ್ರಿ ಪರೀಕ್ಷೆ ಮಾಡ್ಲಿ?” ಆಮೇಲೆ ಮಾವನ ಕಡೆ ತಿರುಗಿದರು. ಮಾವ ಎದ್ದು ನಿಂತು ತೀರ್ಪು ಕೇಳುವವರಂತೆ ಚೀಲವನ್ನು ಎದೆಗೆ ಅವುಚಿಕೊಂಡಿದ್ದರು. “ಮೇಷ್ಟ್ರೇ, ಈ ಸಂಖ್ಯೆ ನಾನು ಎಲ್ಲಿಂದ ತಂದೆ ಅಂತ ಮೇಲಿನವರು ಕೇಳ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಎಣ್ಣೆ ಮಾರೋರು ಹೇಳಿದ್ರು ಅಂದ್ರೆ ನನ್ನ ಕೆಲಸ ಹೋಗುತ್ತೆ. ಅನುಭವಿ ಗಣತಿದಾರರೊಬ್ಬರು ರಜೆಯಲ್ಲಿ, ಸಂಭಾವನೆ ಇಲ್ಲದೆ, ಇಲಾಖೆಗೆ ಸಹಕರಿಸಿದರು ಅಂತ ಬರೆದು ನಿಮ್ಮ ಹೆಡ್‌ಮಾಸ್ಟರಿಗೂ ಒಂದು ಪ್ರತಿ ಕಳಿಸ್ತೀನಿ. ಆಗಬಹುದಾ?”

ಮಾವ ಚೀಲವನ್ನು ಎದೆಯಿಂದ ಕೆಳಗಿಳಿಸಿದರು. ಆದರೆ ಅವರೊಳಗಿನ ಗಣತಿದಾರ ಸುಮ್ಮನಿರಬೇಕಲ್ಲ.

“ಆಗಬಹುದು ತಾಯಿ. ಒಂದೇ ಒಂದು ತಿದ್ದುಪಡಿ. ಆರುನೂರ ಹದಿಮೂರು ಅಂದರೆ ಅದು ಜನ ಅಲ್ಲ, ಅದು ಮಂ...”

ನಾನು ಅವರ ಕಾಲು ತುಳಿದೆ. ಅಷ್ಟು ಜೋರಾಗಿ ಯಾರ ಕಾಲನ್ನೂ ನಾನು ತುಳಿದದ್ದಿಲ್ಲ.

ಸೋಮವಾರ ಗುಂಡಯ್ಯನವರು ಪತ್ರವನ್ನು ಎರಡು ಸಲ ಓದಿ, ನೋಟೀಸಿನ ಮೇಲೆ ‘ಸಮಜಾಯಿಷಿ ಒಪ್ಪಿದೆ, ಮುಕ್ತಾಯಗೊಳಿಸಿದೆ’ ಎಂದು ಬರೆದು, ಇನ್ನೊಂದು ಕಾಫಿ ಕುಡಿದು ಹೋದರು. ಅತ್ತೆ ಮತ್ತೆ ಸ್ಟೂಲು ಹತ್ತಿ ಪ್ರಶಂಸಾ ಪತ್ರವನ್ನು ಅದರ ಮೊಳೆಗೆ ತೂಗುಹಾಕಿದರು. ಡಾಕ್ಟರ ಪತ್ರಕ್ಕೂ ಕಟ್ಟು ಹಾಕಿಸೋಣವೆಂದು ಮಾವ ಅಂದದ್ದಕ್ಕೆ ಅವರು ಸ್ಟೂಲನ್ನು ಎತ್ತಿಕೊಂಡು ಒಳಗೆ ಹೋದರು.

ಆ ವಾರವೇ ಸೈಬರ್ ಸೆಂಟರಿನ ಲೈನು ಸರಿಹೋಯಿತು. ಮಾವನನ್ನೂ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡೆ. ಸಾಧನದಲ್ಲಿ ‘ಮಂಡಿ ನೋವು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ಕಂಪ್ಯೂಟರು ಸ್ವಲ್ಪ ಯೋಚಿಸಿ ಸಂಖ್ಯೆ ಕೊಟ್ಟಿತು. ಸೊನ್ನೆ.

“ನೋಡಿ ಮಾವ, ಯಾರೂ ಹುಡುಕಿಲ್ಲ.”

ಮಾವ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದರು. ಆಮೇಲೆ ಚೀಲದಿಂದ ರಿಜಿಸ್ಟರು ತೆಗೆದು, ಗೀಟು ಹೊಡೆದ ಮುನ್ನೂರಾರು ಹೆಸರುಗಳನ್ನು ದಾಟಿ, ಹೊಡೆಯದೆ ಉಳಿದಿದ್ದ ಒಂದೇ ಸಾಲಿನ ಮೇಲೆ ಬೆರಳಿಟ್ಟರು.

“ನಿನ್ನ ಕಂಪ್ಯೂಟರು ಒಬ್ಬನನ್ನ ಬಿಟ್ಟಿದೆ. ತಿದ್ದಮ್ಮ. ಒಂದು.”

ತಿದ್ದಿದೆ. ‘ಮಂಡಿ ನೋವು: ಒಂದು’ ಎಂದು ಬೆಂಗಳೂರಿಗೆ ಕಳಿಸಿದೆ. ಆ ಒಬ್ಬರ ವಿಳಾಸವನ್ನೂ ಬರೆದು, ಸಾಧ್ಯವಾದರೆ ಒಂದು ಸೀಸೆ ಕಳಿಸಿ ಎಂದೆ. ನನ್ನ ಲೆಕ್ಕ ಕಂಪನಿಯವರಿಗೆ ತಮಾಷೆಯಾಗಿ ಕಂಡಿರಬೇಕು. ಸೀಸೆ ಕಳಿಸಿದರು.

ಒಂದು ತಿಂಗಳಿಗೆ ಮಾವನ ಹೆಸರಿಗೆ ಅರಕಲಗೂಡಿನಿಂದ ಒಂದು ಕಾರ್ಡು ಬಂತು. ಯಾರ ಕೈಯಲ್ಲೋ ಬರೆಸಿದ್ದ ದುಂಡಕ್ಷರ.

‘ಗಣತಿ ಮೇಷ್ಟ್ರಿಗೆ ತಿಮ್ಮಪ್ಪನ ನಮಸ್ಕಾರಗಳು. ಎಣ್ಣೆ ತಲುಪಿತು. ಎಡಮಂಡಿ ವಾಸಿಯಾಗಿದೆ. ಈಗ ಬಲದ್ದು ಶುರುವಾಗಿರುತ್ತದೆ. ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದು.’

ಮಾವ ಎದ್ದರು. ಬಾಗಿಲ ಹಿಂದೆ ಕೈ ಹಾಕಿದರು. ಮೊಳೆ ಇತ್ತು, ಚೀಲವಿರಲಿಲ್ಲ.

“ಅಡಿಗೆಮನೇಲಿದೆ,” ಎಂದರು ಅತ್ತೆ ಒಳಗಿನಿಂದ. “ಹುಣಸೇಹಣ್ಣು ತುಂಬಿದೀನಿ. ವರ್ಷಕ್ಕಾಗುವಷ್ಟು.”